ತೊಟ್ಟಿಯ ನೀರಿಗೆ ದಾರಿ

ಹದಿನಾರು ಎಂಬ ಗ್ರಾಮ,
ಸಾಧಾರಣ ಸಂವತ್ಸರದ ಆಶ್ವಯುಜ ಮಾಸ.

ಪಡುವಣ ಪಾಲಿನ ಯಜಮಾನರಾದ ತಮ್ಮ ಗುರುಸಿದ್ದಯ್ಯನವರ ಸನ್ನಿಧಿಗೆ, ಮೂಡಣ ಪಾಲಿನ ಅಣ್ಣ ಬಸವಲಿಂಗಯ್ಯನ ಅರಿಕೆ.

ತಾವು ಪಾಲಾದ ಮನೆಯ ತೊಟ್ಟಿಯಂಗಳದ ನಡುವೆ ಗೋಡೆ ಎಬ್ಬಿಸಿದ ಮೇಲೆ, ನಮ್ಮ ಸೂರಿನ ಮಳೆನೀರು ತಮ್ಮ ಕಡೆಯ ಮೋರಿಗೆ ಹರಿಯಲಾರದೆ ನಡುಮನೆಗೆ ನುಗ್ಗಿದೆ. ಹಾಸಿಗೆ ಹಿಡಿದಿರುವ ನಮ್ಮಿಬ್ಬರ ಅವ್ವನ ಮಂಚವನ್ನು ಇಟ್ಟಿಗೆಗಳ ಮೇಲೆ ಏರಿಸಿದ್ದೇನೆ. ನಿನ್ನೆ ಕೇಳಿದಾಗ ತಾವು, "ನೀರಿಗೆ ದಾರಿ ಬುಡ್ಬೇಕು ಅಂತ ಪಾಲುಪಟ್ಟೀಲಿ ಎಲ್ಲೈತಣ್ಣ? ಬರ್ದೋನು ನೀನೇ ಕಣಪ್ಪ!" ಎಂದು ನಕ್ಕಿರಿ.

ನಿಜ. ಮೂವತ್ತು ವರ್ಷ ಊರವರ ಅರ್ಜಿಗಳನ್ನು ಬರೆದ ಈ ಕೈ ನಮ್ಮ ಪಾಲುಪಟ್ಟಿಯಲ್ಲಿ ಬೀಸುವ ಕಲ್ಲನ್ನೂ ಬಿಡದೆ ಬರೆಯಿತು. ನೀರಿನ ದಾರಿಯನ್ನು ಬರೆಯಲಿಲ್ಲ. ಒಡಹುಟ್ಟಿದವನಿಗೆ ಅದನ್ನೂ ಬರೆದು ಕೊಡಬೇಕೆಂದು ಹೊಳೆಯಲಿಲ್ಲ.

ಗೋಡೆಯ ಬುಡದಲ್ಲಿ ಒಂದು ಗೇಣಿನ ಕಂಡಿ ತೆಗೆಸಬೇಕೆಂದು ಪ್ರಾರ್ಥನೆ. ಒಪ್ಪದಿದ್ದರೆ ಉತ್ತರ ಬರೆಯುವ ಶ್ರಮ ಬೇಡ. ಗೋಡೆಯ ಬಳಿ ನಿಂತು ಬಾಯಲ್ಲೇ ಹೇಳಿ. ಅವ್ವನಿಗೆ ಓದಲು ಬಾರದು; ಕಿವಿ ಚೆನ್ನಾಗಿ ಕೇಳಿಸುತ್ತದೆ.

ಹೀಗೆಂದು, ತಮಗಿಂತ ಹನ್ನೊಂದು ವರ್ಷಕ್ಕೆ ಹಿರಿಯನಾದ
ಬಸವಲಿಂಗಯ್ಯನ ರುಜು.