ಡಬ್ಬಿಗೆ ಇಟ್ಟ ಎಡೆ

ಕಮಲಾಪುರ
೧೪ ಜೂನ್ ೨೦೨೪

ಪ್ರೀತಿಯ ಗೌತಮಿಗೆ ನಿನ್ನ ಅತ್ತೆ ಭೀಮಬಾಯಿಯ ಜೈ ಭೀಮ್.

ನಾನು ಕ್ಷೇಮ. ಖೂಬಾ ಪ್ಲಾಟ್ ಓಣಿಯಲ್ಲಿ ನಿನ್ನ ತವರಿನವರೂ ಕ್ಷೇಮವೆಂದು ನಂಬಿದ್ದೇನೆ. ಬರೆಯುವುದು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಫೋನ್ ಮಾಡೋಣವೆಂದರೆ ನಾನು ಹಲೋ ಅನ್ನುವಷ್ಟರಲ್ಲಿ ನೀನು ಅಳುತ್ತೀ, ನಿನ್ನ ಅಳು ಕೇಳಿ ನಾನೂ ಅಳುತ್ತೇನೆ. ಹೇಳಬೇಕಾದದ್ದು ಹಾಗೇ ಉಳಿಯುತ್ತದೆ.

ವಿಷಯ ಇಷ್ಟೇ. ನನ್ನ ಮಗ ಹಚ್ಚಿಟ್ಟು ಹೋದ ದೀಪ ಆರಿಹೋಗಿದೆ.

ಆನಂದ ಆ ಡಬ್ಬಿಗಳನ್ನು ಅಡುಗೆಮನೆಯ ಕಿಟಕಿಯಲ್ಲಿ ಸಾಲಾಗಿ ಇಟ್ಟ ದಿನ ನಾನು ಮಾಡಿದ ರಂಪ ನಿನಗೆ ನೆನಪಿರಬೇಕು. ಒಳಗೆ ಕೆರೆಯ ಕೆಸರು, ಕೊಳೆತ ಕೆಂಪು ಬಾಳೆಹಣ್ಣಿನ ಸಿಪ್ಪೆ, ಮೇಲೆ ವೈರು. "ಸಾಲಿಯಾಗ ಪೋರಗೋಳಿಗಿ ತೋರ್ಸೋದಿದ್ರ ಅಲ್ಲೇ ಇಡೋ, ಮನಿ ಯಾಕ ನಾರಸ್ತಿ?" ಎಂದಿದ್ದೆ. ಅವನು ನಕ್ಕು, "ಯವ್ವಾ, ಈ ಕೆಸರಾಗ ಕಣ್ಣಿಗಿ ಕಾಣಲಾರದಷ್ಟು ಸಣ್ಣ ಜೀವ ಅದಾವ. ಅವು ಸಿಪ್ಪಿ ತಿಂದ್ರ ಕರೆಂಟ್ ಹುಟ್ಟತದ. ನನಗ ಉಣಸ್ದಂಗ ಅವಕ್ಕೂ ಉಣಸು, ಸಾಕು" ಎಂದ. ಕಡಲೆಕಾಳಿನಷ್ಟು ದೀಪ ಹೊತ್ತಿದಾಗ ಮೂಗು ಮುಚ್ಚಿಕೊಂಡೇ ಹಿಗ್ಗಿದ್ದೆ.

ಅವನು ಬೈಕಿನಿಂದ ಬಿದ್ದು ಹೋದ. ನೀನು ತವರಿಗೆ ಹೋದೆ. ಆಮೇಲೆ ಈ ಮನೆಯಲ್ಲಿ ನನ್ನ ಕೈತುತ್ತಿಗೆ ಕಾಯುತ್ತಿದ್ದವು ಆ ಡಬ್ಬಿಗಳು ಮಾತ್ರ. ದಿನಾ ಸಿಪ್ಪೆ ಹಾಕುತ್ತಿದ್ದೆ. ಮಾತೂ ಆಡುತ್ತಿದ್ದೆ, ನಗಬೇಡ.

ಕಳೆದ ತಿಂಗಳು ಅವನ ವರ್ಷದ ದಿನ ಅವನಿಗಿಷ್ಟವಾದದ್ದೆಲ್ಲ ಮಾಡಿ ಫೋಟೋದ ಮುಂದೆ ಎಡೆ ಇಟ್ಟೆ. ನೀನು ಬರಲಿಲ್ಲ. ಬಂದವರು ಉಂಡು ಹೋದ ಮೇಲೆ ಡಬ್ಬಿಗಳ ಕಡೆ ನೋಡಿದೆ. ಇವತ್ತೂ ಇವಕ್ಕೆ ಕೊಳೆತ ಸಿಪ್ಪೆಯೇ ಅಂದುಕೊಂಡೆ. ಅವನು ಬೆರಳು ನೆಕ್ಕಿ ತಿನ್ನುತ್ತಿದ್ದ ಮಾವಿನ ಉಪ್ಪಿನಕಾಯಿಯನ್ನು ಎಡೆಯಿಂದ ತೆಗೆದು ಎಲ್ಲ ಡಬ್ಬಿಗೂ ಧಾರಾಳವಾಗಿ ಬಡಿಸಿದೆ. ಮರುದಿನ ದೀಪ ಮಂಕಾಯಿತು. ಆಮೇಲೆ ಹೊತ್ತಲೇ ಇಲ್ಲ.

ಅವನ ಸಾಲೆಯ ಗುರುಪ್ರಸಾದ ಮಾಸ್ತರು ಬಂದು ಮೂಸಿ ನೋಡಿ, "ಉಪ್ಪಿಗಿ ಆ ಜೀವ ಎಲ್ಲಾ ಸತ್ತಾವ್ರೀ ಆಯಿ. ಇದೇ ಕೆಸರು ಬ್ಯಾರೆ ಕಡಿ ಇದ್ರ ಚೂರು ತರಸ್ರಿ, ಹೆಪ್ಪು ಹಾಕ್ದಂಗ ಮತ್ತ ಚಾಲು ಮಾಡಬಹುದು" ಎಂದರು. ಕಾಯಿ ಕೆಡಬಾರದೆಂದು ಉಪ್ಪು ಸುರಿಯುವವಳು ನಾನೇ, ನನಗೆ ಅಷ್ಟು ತಿಳಿಯಬಾರದೇ? ಆನಂದನಿಗೆ ಎರಡನೇ ಸಲ ಮಣ್ಣು ಕೊಟ್ಟಂತಾಗಿದೆ.

ನೀನು ಹೋಗುವಾಗ ಒಂದು ಡಬ್ಬಿ ಒಯ್ದಿದ್ದೆ. ಅದಿನ್ನೂ ಬದುಕಿದ್ದರೆ ಒಂದು ಹಿಡಿ ಕೆಸರು ತೆಗೆದುಕೊಂಡು ಬಾ. ಯಾರ ಕೈಯಲ್ಲೂ ಕಳಿಸಬೇಡ, ನೀನೇ ಬಾ.

ಬುದ್ಧನ ಕರುಣೆ ನಿನ್ನ ಮೇಲಿರಲಿ. ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಅತ್ತೆ,
ಭೀಮಬಾಯಿ

ತಾ.ಕ.: ಲಕೋಟೆಗೆ ಹಾಕಿದ್ದನ್ನು ಮತ್ತೆ ಹೊರಗೆ ತೆಗೆದೆ. ನಿನ್ನ ಮದುವೆ ಗೊತ್ತಾಗಿದೆಯಂತೆ, ಕೋಟನೂರದ ಹುಡುಗನಂತೆ. ಸಂತೆಗೆ ಬಂದಿದ್ದ ನಿಮ್ಮ ಓಣಿಯ ಚಂದಮ್ಮ ಬದನೆಕಾಯಿ ಆರಿಸುತ್ತ, "ನಿಮಗ ಗೊತ್ತೇ ಅದ ಅಲ್ರೀ" ಎಂದಳು. ಹೂಂ ಎಂದೆ. ಮಾಡಿಕೋ ತಾಯಿ, ನಾನೇ ಮುಂದೆ ನಿಂತು ಮಾಡುತ್ತಿದ್ದೆ. ಆದರೆ ನೀನು ನನಗೆ ಹೇಳಲಿಲ್ಲ. ಮಗ ಹೋದಾಗ ಸೊಸೆ ಇದ್ದಾಳೆ ಅಂದುಕೊಂಡಿದ್ದೆ. ಇನ್ನು ಮೇಲೆ ನಾನು ನಿನಗೆ ಏನಾಗಬೇಕು, ಅದನ್ನಾದರೂ ಬಂದು ಹೇಳಿ ಹೋಗು.