ದೋಸೆಹಿಟ್ಟು ಬಿಟ್ಟ ವ್ರತ

ಕೋಥರೂಡ, ಪುಣೆ
೧೯ ನವೆಂಬರ್ ೨೦೦೬

ಪ್ರೀತಿಯ ತ್ರಿವೇಣಿಗೆ ಇಂದೂಳ ನೆನಪುಗಳು.

ನಿನ್ನ ಪತ್ರ ದಸರೆಗೆ ಮುಂಚೆಯೇ ಬಂದಿತ್ತು. ಈಗ ದೀಪಾವಳಿಯೂ ಮುಗಿಯಿತು. ಬೈಯುವುದಿದ್ದರೆ ಈಗಲೇ ಬೈದುಬಿಡು, ಸುದ್ದಿ ಓದಿದ ಮೇಲೆ ನಿನಗೆ ಬೈಯಲು ಮನಸ್ಸಾಗುವುದಿಲ್ಲ. ನನ್ನ ಸೊಸೆ ಪೂರ್ವಾ ಗೆದ್ದಳು ನೋಡು!

ಅವಳು ಪ್ರಯೋಗಶಾಲೆಯಲ್ಲಿ ಏನು ಮಾಡುತ್ತಾಳೆಂದು ಕೇಳಿದ್ದೆಯಲ್ಲ. ನಮ್ಮವರನ್ನು ನಡುವಯಸ್ಸಿನಲ್ಲೇ ಕರೆದೊಯ್ದ ಆ ಕೈಕಾಲು ನಡುಕದ ಕಾಯಿಲೆ ನಿನಗೆ ಗೊತ್ತೇ ಇದೆ. ಅದೆಲ್ಲ ಒಂದೇ ಒಂದು ಕೆಟ್ಟ ಜೀನಿನ ಕೆಲಸವಂತೆ. ತಂದೆಯಿಂದ ಮಗನಿಗೆ ಬಂದರೂ ಬರಬಹುದು, ಬಾರದೆಯೂ ಇರಬಹುದು. ಮಗ ಮಂದಾರ ರಕ್ತಪರೀಕ್ಷೆಗೆ ಒಪ್ಪಲೇ ಇಲ್ಲ. "ಗೊತ್ತಾಗಿ ಏನ್ ಮಾಡೂದದ, ಅಮ್ಮಾ?" ಎಂದು ನಕ್ಕುಬಿಟ್ಟ. ಅವನ ಹೆಂಡತಿ ನಗಲಿಲ್ಲ, ಆ ಜೀನಿನ ಬೆನ್ನು ಹತ್ತಿದಳು.

ವೈರಸ್ ಬಳಸುತ್ತಾರೆಂದು ಕೇಳಿ ನಾನು ಹೌಹಾರಿದ್ದೆ. ಮೊದಮೊದಲು ಅವಳನ್ನು ಬಾಗಿಲಲ್ಲೇ ತಡೆದು, "ಮದ್ಲ ಸ್ನಾನ ಮಾಡು" ಎನ್ನುತ್ತಿದ್ದೆ.

"ಅತ್ತಿ, ಅದರ ರೋಗದ ಭಾಗ ತಗದಿರ್ತೀವ್ರಿ," ಎಂದಳು. "ಈಗ ಅದು ಬರೇ ಟಪಾಲ ಮನುಷ್ಯಾ. ನಮ್ಮ ಚೀಟಿ ತೊಗೊಂಡು ಜೀವಕೋಶದೊಳಗ ಹೋಗತದ, ಕೆಟ್ಟ ಜೀನಿನ ಬಾಯಿ ಮುಚ್ಚಸತದ."

ಆದರೆ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳೇ ಮೇಲಿಂದ ಮೇಲೆ ಹುಳಿತು ಕೆಡತೊಡಗಿದವು. ಕಾರಣ ಯಾರಿಗೂ ಹೊಳೆಯಲಿಲ್ಲ. ಒಂದು ಭಾನುವಾರ ಅವಳ ಗುರುಗಳು, ಬೆಳಗಾವಿಯ ಹಣಮಂತ್ರಾಯರು, ಊಟಕ್ಕೆ ಬಂದರು. ಪೂರ್ವಾ ಮೊಣಕೈವರೆಗೆ ಕೈ ಅದ್ದಿ ದೋಸೆಹಿಟ್ಟು ಕಲಸುತ್ತಿದ್ದಳು. ಅವರು ಅಡಿಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟರು.

"ಕಳ್ಳ ಸಿಕ್ಕನ್ರಿ ಇಂದೂಬಾಯಿ! ಈ ಹಿಟ್ಟಿನ ಹುಳೀನ ಅಕಿ ಕೈಯಾಗ, ಬಟ್ಟ್ಯಾಗ ಕೂತು ಲ್ಯಾಬಿಗೆ ಬರ್ಲಿಕತ್ತದ. ಕೆಲಸ ಮುಗಿಯೂತನಕ ಹಿಟ್ಟು ರುಬ್ಬೂದು ಬಂದ್ ಮಾಡ್ರಿ!"

ನನಗೆ ಸಿಟ್ಟು ನೆತ್ತಿಗೇರಿತು. ನನ್ನ ದೋಸೆಹಿಟ್ಟಿಗೆ ಹೆಸರಿಡುವವರು ಈ ಪುಣೆಯಲ್ಲಿ ಇನ್ನೂ ಹುಟ್ಟಿಲ್ಲ ಅಂದುಕೊಂಡಿದ್ದೆ. ಆದರೂ ಬಿಟ್ಟೆ. ದೋಸೆ, ಇಡ್ಲಿ, ಎಲ್ಲ ಬಂದ್. ಮುಂಜಾನೆ ಉಪ್ಪಿಟ್ಟು, ಸಂಜೆ ಅವಲಕ್ಕಿ. ಮಂದಾರ ಮೂಗು ಮುರಿದ. ಕೆಳಗಿನ ಮನೆಯ ಮರಾಠಿ ಕಾಕು, "ಕಾಯ ಹೋ, ವ್ರತ ಆಹೇ ಕಾ?" ಎಂದು, ಏನು ವ್ರತವೇ ಎಂದು ಕೇಳಿ ಚುಡಾಯಿಸಿದರು. ಹೌದು ಎಂದೆ. ಸುಳ್ಳಂತೂ ಹೇಳಲಿಲ್ಲ.

ಮೊನ್ನೆ ಪೂರ್ವಾ ಸ್ಕೂಟಿಯಿಂದ ಇಳಿಯುವ ಮೊದಲೇ ಕೂಗಿದಳು, "ಅತ್ತೀ, ಸುಮ್ಮನಾತ್ರೀ!"

ಈ ಸಲ ಕೋಶಗಳು ಶುದ್ಧವಾಗಿದ್ದವಂತೆ, ವೈರಸ್ಸು ಚೀಟಿ ಮುಟ್ಟಿಸಿತ್ತಂತೆ, ಆ ಮನೆಹಾಳ ಜೀನು ಬಾಯಿ ಮುಚ್ಚಿತ್ತಂತೆ. ಇದು ಬರೀ ತಟ್ಟೆಯ ಮಾತು, ಔಷಧಿ ಆಗಲು ಇನ್ನೂ ಎಷ್ಟೋ ವರ್ಷ ಬೇಕು ಎಂದು ಅವಳೇ ಎಚ್ಚರಿಸಿದಳು. ಇರಲಿ ಬಿಡು. ನನಗೆ ಕುಣಿಯುವಷ್ಟು ಸಂತೋಷವಾಯಿತು, ಮೊಣಕಾಲು ನೋವು ಮರೆತು ಕುಣಿದೆ ಕೂಡ. ಹಣಮಂತ್ರಾಯರು ಅವಳಿಗೆ ರಜೆ, ನನಗೆ ದೋಸೆಯ ಅಪ್ಪಣೆ ಕೊಟ್ಟು, ನಿನ್ನೆ ತಾವೇ ಬಂದು ಹೊಟ್ಟೆ ಬಿರಿಯುವಷ್ಟು ತಿಂದು ಹೋದರು.

ಧಾರವಾಡದಲ್ಲಿ ಚಳಿ ಶುರುವಾಗಿರಬೇಕು, ಕಿವಿಗೆ ಬಟ್ಟೆ ಕಟ್ಟಿಕೋ. ನೀನು ಪತ್ರದಲ್ಲಿ ಬರೆದಿದ್ದ ನಿನ್ನ ಹೊಸ ಮೊಮ್ಮಗಳು ನೂರು ವರ್ಷ ಸುಖವಾಗಿ ಬಾಳಲಿ.

ಎಂದೆಂದೂ ನಿನ್ನವಳೇ ಆದ
ಇಂದೂ

ತಾ.ಕ.: ಈಚೆಗೆ ಮಂದಾರನ ಕೈಯಲ್ಲಿ ಕಪ್ಪು-ಬಸಿ ಸಣ್ಣಗೆ ಗಲಗಲ ಎನ್ನುತ್ತದೆ. ನಾನು ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ. ಚೆಲ್ಲದಿರಲೆಂದು ಅವನಿಗೆ ಅರ್ಧ ಕಪ್ಪೇ ಚಹಾ ಹಾಕುತ್ತೇನೆ. ಇವತ್ತು ಮುಂಜಾನೆ ಪೂರ್ವಾ ಚಹಾ ಮಾಡಿದಳು. ಅವಳೂ ಅವನಿಗೆ ಅರ್ಧ ಕಪ್ಪೇ ಹಾಕಿಕೊಟ್ಟಳು.