ತಲಿದಿಂಬಿನ ಕೆಳಗಿನ ಚೂರಿ

ಜೂನ್ ೪, ಮುಂಜಾನೆ
ಮತ್ತ ನಿದ್ದಿ ಇಲ್ಲ. ಅವ್ವ ಕೂಸಿಗೆ ಎರೆದು, ಹೊಗಿ ಹಾಕಿ ಮಲಗಿಸಿದಳು. ತಲಿದಿಂಬಿನ ಕೆಳಗ ಚೂರಿ ಇಟ್ಟಳು. ನಾ ತೆಗೆದು ಅಡಗಿಮನ್ಯಾಗ ಇಟ್ಟೆ. ಮೈ ತೊಳಕೊಂಡು ಬರೂದ್ರಾಗ ಮತ್ತ ಅಲ್ಲೇ.

“ಬಾಣಂತಿ, ಕೂಸಿನ ಹತ್ತರ ಕಬ್ಬಿಣ ಇರಬೇಕು. ಗಾಳಿ ಸೋಕತೈತಿ. ಬಿ.ಎಸ್ಸಿ. ಓದಿದವರಿಗೆ ಗಾಳಿ ಬಿಡತೈತೇನ?”

ಗಾಳಿ ಅಂಜಿಕಿ ಅಲ್ಲವ್ವಾ. ನನ್ನ ಅಂಜಿಕಿ ನನಗ. ಚೂರಿ ಕಂಡ್ರ ತಲ್ಯಾಗ ಒಂದು ಚಿತ್ರ ಬರತೈತಿ... ನನ್ನ ಕೈ, ಕೂಸು... ಬರಿಯೂದಿಲ್ಲ.

ಜೂನ್ ೧೦
ಇಳಕಲ್ಲಿಂದ ಬಾಗಲಕೋಟಿಗೆ ಹೋದ್ವಿ. ನನಗ ನಿದ್ದಿ ಇಲ್ಲಂತ ಕೇಳಿ ಹುನಗುಂದದಿಂದ ನಮ್ಮ ಮನಿಯವರು ಫೋನ್ ಮಾಡಿ ಗೊತ್ತು ಮಾಡಿದ್ದು. ಸಂಪದಾ ಮೇಡಂ. ಬಾಗಿಲಕ್ಕ ‘ಸೈಕೋಥೆರಪಿ’ ಅಂತ ಬೋರ್ಡು. ಗುಳಿಗಿ ಇಲ್ಲ, ಸೂಜಿ ಇಲ್ಲ — ಬರೇ ಮಾತು. ಬಾಣಂತಿ ಒಬ್ಬಾಕಿನ್ನ ಬಿಡಬಾರದಂತ ಅವ್ವನೂ ಒಳಗ ಕುಂತಳು. ನನ್ನ ಕೇಳಿದ್ದಕ್ಕೆಲ್ಲ ಆಕಿದೇ ಉತ್ತರ.

“ಉಣ್ಣಾಂಗಿಲ್ರಿ. ದೃಷ್ಟಿ ಆಗೇತ್ರಿ.”

ಮೇಡಂ ನಕ್ಕರು. “ಅವ್ವಾರ, ಮುಂದಿನ ಸಲ ನೀವು ಕೂಸಿನ್ನ ಹಿಡಕೊಂಡು ಹೊರಗ ಕೂಡ್ರಿ.”

ಬಸ್ಸಿನ್ಯಾಗ ಅವ್ವಗ ಸಿಟ್ಟು. “ಮಾತಾಡಾಕ ಇಷ್ಟ ದೂರ ಬರಬೇಕ? ಮನ್ಯಾಗ ನಾ ಸತ್ತೇನೇನ?”

ಜೂನ್ ೧೭
ಹೇಳಿದೆ. ಆ ಚಿತ್ರದ್ದು ಎಲ್ಲಾ, ಅಳಕೋತ. ಮೇಡಂ ಗಾಬರಿ ಆಗಲಿಲ್ಲ.

“ಮಾಡಬೇಕು ಅನಸತೈತೋ, ಮಾಡಿಬಿಟ್ಟೇನು ಅಂತ ಅಂಜಿಕಿ ಬರತೈತೋ?”

“ಅಂಜಿಕಿ ರೀ.”

ಮತ್ತ ಮತ್ತ, ಬ್ಯಾರೆ ಬ್ಯಾರೆ ರೀತಿ ಕೇಳಿದರು. ಆಮ್ಯಾಲೆ ಅಂದ್ರು: “ಇಂಥ ವಿಚಾರ ಭಾಳ ಮಂದಿ ತಾಯಂದಿರಿಗೆ ಬರತಾವ. ಬಂದ್ರ ಮಾಡಿದಂಗಲ್ಲ. ಬರಲಿ, ಹೋಗಲಿ. ಕೂಸಿನ್ನ ದೂರ ಮಾಡಬ್ಯಾಡ್ರಿ. ಮನ್ಯಾಗ ಒಬ್ಬರಿಗೆ ಹೇಳ್ರಿ.”

ಬಸ್ಸಿನ್ಯಾಗ ನಿದ್ದಿ ಹತ್ತಿತು. ಅಮೀನಗಡದಿಂದ ಇಳಕಲ್ಲ ತನಕ!

ಜೂನ್ ೧೮
ಅವ್ವಗ ಹೇಳಿದೆ. ಆಕಿ ಎದ್ದು ಚೂರಿ ತೆಗೆದಳು. ಆಮ್ಯಾಲೆ ತೊಟ್ಟಿಲನೂ ತನ್ನ ಖೋಲಿಗೆ ಒಯ್ದಳು.

ಜುಲೈ ೨
ಹಾಲು ಕುಡಿಸಾಕ ಅಷ್ಟ ಕೂಸು ನನ್ನ ಹಂತೇಕ. ಅವ್ವ ಎದುರಿಗೇ ಕೂಡತಾಳ. ಆಕಿ ಕಣ್ಣು ಕೂಸಿನ ಮ್ಯಾಲಲ್ಲ, ನನ್ನ ಕೈ ಮ್ಯಾಲೆ. ಚೂರಿ ಇದ್ದಾಗನ ಚಲೋ ಇತ್ತು.

ಜುಲೈ ೮
ಮೇಡಂ ಇವತ್ತ ಅವ್ವನ್ನೂ ಒಳಗ ಕರೆದು ತಿಳಿಸಿ ಹೇಳಿದರು. ಅವ್ವ ಬಾಯಿಗೆ ಸೆರಗು ಹಿಡಿದು ಅತ್ತಳು. “ಹಡೆದ ಮಗಳಿಗೆ ಅಂಜಿದೆನ್ರಿ ನಾ.”

ಜುಲೈ ೯, ಮಧ್ಯಾಹ್ನ
ಅವ್ವ ಕೂಸಿನ್ನ ನನ್ನ ಉಡಿಯಾಗ ಹಾಕಿ, “ಹಿತ್ತಲದಾಗ ಇರತೇನಿ” ಅಂದು ಹೋದಳು. ಒಂದ ಕೈಲೆ ಬರೀತೇನಿ. ಚಿತ್ರ ಬಂತು. ಬರಲಿ ಅಂದೆ. ಹೋತು.

ಬಾಗಿಲ ಪರದೆ ಕೆಳಗ ಅವ್ವನ ಕಾಲು ಕಾಣತಾವ. ಹಿತ್ತಲಕ್ಕ ಹೋಗಿಲ್ಲ.

ಕೂಸು ನನ್ನ ಮಾರಿ ನೋಡಿ ನಕ್ಕಿತು. ಮೊದಲನೇ ಸಲ! ಅವ್ವಾ, ನೋಡಬಾ ಅಂತ ಕರೀಬೇಕು. ಕರೆದ್ರ, ಆಕಿ ಬಂದು ಮೊದಲ ನೋಡೂದು ನನ್ನ ಕೈ...